ಬಂಗಲೆಯ ಸಾರು, ಹಿನ್ನೀರಿನ ಸೇತುವೆ

ಹೋದ ತಿಂಗಳು ಹೆಗ್ಗಡದೇವನಕೋಟೆಯಲ್ಲಿ ಒಂದು ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಪಹಣಿಗಾಗಿ ಕಾಯುತ್ತಾ ಕೂತಿದ್ದೆ. ಆಗತಾನೇ ಒಬ್ಬಾಕೆ ನೆಲಕ್ಕೆ ಫಿನೈಲ್ ಹಾಕಿ ಒರೆಸಿಹೋಗಿದ್ದಳು. ಅದೇ ಹೊತ್ತಿಗೆ ಕಾಂಪೌಂಡಿನ ಆಚೆಯ ಹೋಟೆಲಿನಲ್ಲಿ ಯಾರೋ ಕೊಬ್ಬರಿ ಸುಟ್ಟರು. ಒಂದು ವಾಸನೆ ಮುಂದಿನಿಂದ, ಇನ್ನೊಂದು ಹಿಂದಿನಿಂದ ಬಂದು ನನ್ನ ಮೂಗಿನ ಹತ್ತಿರ ಕೂಡಿದವು. ಬೇರೆಯವರಿಗೆ ಇದರಲ್ಲಿ ವಿಶೇಷವೇನೂ ಇರಲಾರದು. ನನ್ನ ಪಾಲಿಗೆ ಆ ಎರಡು ವಾಸನೆ ಕೂಡುವ ಜಾಗದ ಹೆಸರು ಮನೆ. ಕಿಟಕಿಯಿಂದ ನನ್ನ ಹೆಸರು ಕೂಗಿದ್ದು ಕೇಳಿಸಲಿಲ್ಲ, ಸರದಿ ತಪ್ಪಿತು. ಪಹಣಿ ಮಾರನೆಯ ದಿನ ಸಿಕ್ಕಿತು, ಅದು ಬೇರೆ ವಿಚಾರ.

ನಮ್ಮ ಮನೆ ನಮ್ಮದಾಗಿರಲಿಲ್ಲ. ಅಂತರಸಂತೆ ದಾಟಿ ಕಾಕನಕೋಟೆಯ ಕಾಡಿನ ಕಡೆ ಹೋಗುವಾಗ ಹಿನ್ನೀರಿನ ದಂಡೆಯ ದಿಬ್ಬದ ಮೇಲೊಂದು ಪ್ರವಾಸಿ ಬಂಗಲೆ ಇತ್ತು. ಅದರ ಹಿತ್ತಲಿನ ಎರಡು ಕೋಣೆಗಳಲ್ಲಿ ನಾವಿದ್ದೆವು. ಅಪ್ಪ ಕೆಂಪಯ್ಯ ಬಂಗಲೆಯ ಮೇಟಿ. ಮೇಟಿ ಎಂದರೆ ಕಾವಲು, ಕಸ, ಹಾಸಿಗೆ, ಅಡುಗೆ ಎಲ್ಲಕ್ಕೂ ಸರ್ಕಾರ ನೇಮಿಸಿದ ಒಬ್ಬನೇ ಮನುಷ್ಯ. ಸರ್ಕಾರದ ಪ್ರಕಾರ ಅಡುಗೆ ಮಾಡುತ್ತಿದ್ದವನು ಅಪ್ಪ. ಒಲೆಯ ಪ್ರಕಾರ ಅವ್ವ. ಮುಂಭಾಗದಲ್ಲಿ ಅಪ್ಪ ಬೆಳಗಾಗೆದ್ದು ಫಿನೈಲ್ ಹೊಡೆಯುತ್ತಿದ್ದ. ಹಿಂಭಾಗದಲ್ಲಿ ಅವ್ವ ಕೆಂಡದ ಮೇಲೆ ಕೊಬ್ಬರಿ ಗಿಟುಕು ಸುಟ್ಟು, ಕಾಳುಮೆಣಸು, ಗಾಂಧಾರಿ ಮೆಣಸಿನಕಾಯಿ ಹಾಕಿ ಒರಳಲ್ಲಿ ಅರೆಯುತ್ತಿದ್ದಳು. ಎರಡೂ ವಾಸನೆಗಳು ನಡುಮನೆಯ ಊಟದ ಮೇಜಿನ ಹತ್ತಿರ ಸಂಧಿಸುತ್ತಿದ್ದವು. ಅಪ್ಪ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವಲು ಹಾಕಿ ನಿಂತು, "ಇವತ್ತು ನಾಟಿ ಕೋಳಿ ಮಾಡಿವ್ನಿ, ಬುದ್ಧಿ" ಎಂದು ಬಡಿಸುತ್ತಿದ್ದ. ಒಳಗೆ ಅವ್ವ, "ಮಾಡವ್ನಂತೆ, ಕೋಳಿಗೂ ಗೊತ್ತು ಯಾರ್ ಮಾಡವ್ರೆ ಅಂತ" ಎಂದು ಒಲೆಗೆ ಹೇಳುತ್ತಿದ್ದಳು.

ನಮ್ಮ ಜಿಲ್ಲೆಯ ಅಭಿವೃದ್ಧಿಯ ಚರಿತ್ರೆ ಬರೆದವರು ಹುಣಸೂರಿನ ಮರ, ಪಿರಿಯಾಪಟ್ಟಣದ ಹೊಗೆಸೊಪ್ಪು, ಕೆ.ಆರ್. ನಗರದ ಭತ್ತ, ನಮ್ಮ ಕೋಟೆ ಸೀಮೆಯ ಕಾಡು ಮತ್ತು ಅಣೆಕಟ್ಟೆ ಎಂದು ಅಧ್ಯಾಯಗಳನ್ನು ಹಂಚಿಕೊಡುತ್ತಾರೆ. ಅವ್ವನ ಸಾರಿಗೆ ಯಾರೂ ಒಂದು ಅಧ್ಯಾಯ ಕೊಟ್ಟಿಲ್ಲ. ಇದೊಂದು ಗಂಭೀರ ಲೋಪವೆಂದು ನನ್ನ ನಮ್ರ ಅಭಿಪ್ರಾಯ. ಏಕೆಂದರೆ ಆ ಅಧ್ಯಾಯಗಳಲ್ಲಿ ಬರುವ ನಾಲೆ, ಕಂಬ, ರಸ್ತೆ, ಮೋರಿಗಳೆಲ್ಲ ಭೂಮಿಯ ಮೇಲೆ ಕಾಣಿಸಿಕೊಳ್ಳುವ ಮೊದಲು ನಮ್ಮ ಮೇಜಿನ ಮೇಲೆ, ಎಂಜಲು ಕೈಗಳ ನಡುವೆ, ನೀಲಿ ನಕ್ಷೆಯಾಗಿ ಹರಡಿಕೊಂಡಿರುತ್ತಿದ್ದವು. ಪಿರಿಯಾಪಟ್ಟಣದ ಕಂಟ್ರಾಕ್ಟರೊಬ್ಬರು ಬಂದು ಮಲಗಿ ಹೋದರೆ ದಿಂಬಿಗೆ ಹಿಡಿದ ಹೊಗೆಸೊಪ್ಪಿನ ವಾಸನೆ ಒಂದು ಒಗೆತಕ್ಕೆ ಬಗ್ಗುತ್ತಿರಲಿಲ್ಲ. ಕೆ.ಆರ್. ನಗರದ ಕಡೆಯ ಓವರ್ಸಿಯರ್ ಒಬ್ಬರಿದ್ದರು. ಅವರು ಅನ್ನದ ಅಗುಳನ್ನು ಬೆರಳ ನಡುವೆ ಹಿಸುಕಿ ನೋಡಿಯೇ ಊಟಕ್ಕೆ ಕೂರುತ್ತಿದ್ದದ್ದು. ಹಾಗೆ ಹಿಸುಕಿ, "ಪರವಾಗಿಲ್ಲ" ಎಂದರೆ ಅಪ್ಪನಿಗೆ ಆ ವಾರವೆಲ್ಲ ನಡಿಗೆಯೇ ಬೇರೆ.

ಈಗ ನೀರಿನ ವಿಚಾರ ಹೇಳಬೇಕು. ಅವ್ವನ ತವರು ಬಂಗಲೆಯ ಎದುರಿಗೇ, ನಾಲಿಗೆಯಂತೆ ಒಳನುಗ್ಗಿದ ಹಿನ್ನೀರಿನ ಒಂದು ಚಾಚಿನ ಆಚೆ ದಡದಲ್ಲಿತ್ತು. ಅಣೆಕಟ್ಟೆ ಆಗುವುದಕ್ಕೆ ಮುಂಚೆ ಅದು ಬರೀ ಹಳ್ಳ. ಅವ್ವ ಮದುವೆಯಾಗಿ ಬಂದದ್ದು ಸೀರೆ ಮೊಣಕಾಲಿಗೆ ಎತ್ತಿಕೊಂಡು, ಆ ಹಳ್ಳ ಹಾಯ್ದು. ಆಮೇಲೆ ಜಿಲ್ಲೆ ಮುಂದುವರಿಯಿತು, ನೀರು ನಿಂತಿತು, ಹಾಯುವ ಜಾಗ ಮುಳುಗಿತು. ಕಣ್ಣಿಗೆ ಕಾಣುವ ತವರಿಗೆ ಹೋಗಬೇಕಾದರೆ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಗೆ ಬಂದು ಬಸ್ಸು ಬದಲಿಸಿ, ಸರಗೂರು ಸುತ್ತಿ, ಅಲ್ಲಿಂದ ಬಸ್ಸು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ನಡೆದು, ಹೊತ್ತು ಮುಳುಗುವಷ್ಟರಲ್ಲಿ ಸೇರಬೇಕಿತ್ತು. ವರ್ಷಕ್ಕೊಮ್ಮೆ ಹೋದರೆ ಹೆಚ್ಚು.

ಆಚೆ ದಡದಲ್ಲಿ ಅಜ್ಜಿ ಮಗ ಸೊಸೆಯೊಂದಿಗೆ ಇದ್ದಳು. ಅವ್ವ ಅಜ್ಜಿ ಮಾತಾಡಿಕೊಳ್ಳುತ್ತಿದ್ದದ್ದು ಬಟ್ಟೆಯಲ್ಲಿ. ಸಾಹೇಬರು ಬಂದು ಹೋದ ಮಾರನೆಯ ದಿನ ಬಂಗಲೆಯ ಬಿಳಿ ದುಪ್ಪಟಿಗಳನ್ನು ಒಗೆದು ದಿಬ್ಬದ ಬೇಲಿಯ ಮೇಲೆ ಉದ್ದಕ್ಕೂ ಅವ್ವ ಹರವುತ್ತಿದ್ದಳು. ಅದು ಕಂಡರೆ ಮಗಳು ನೆಟ್ಟಗಿದ್ದಾಳೆ, ಕೈತುಂಬ ಕೆಲಸವಿದೆ ಎಂದು ಅಜ್ಜಿಗೆ ತಿಳಿಯುತ್ತಿತ್ತು. ಉತ್ತರವಾಗಿ ಅಜ್ಜಿ ತನ್ನ ಕೆಂಪು ಕಂಬಳಿಯನ್ನು ಹುಲ್ಲಿನ ಮೆದೆಯ ಮೇಲೆ ಎಸೆಯುತ್ತಿದ್ದಳು. ಸಾಹೇಬರು ಬಾರದ ವಾರಗಳಲ್ಲಿ ಅವ್ವ ಮಡಿಕೆ ಮುರಿಯದ ದುಪ್ಪಟಿಗಳನ್ನೇ ತೆಗೆದು ನೀರಿಗೆ ಅದ್ದಿ ಹರವುತ್ತಿದ್ದಳು. "ಸರ್ಕಾರಿ ಬಟ್ಟೆ ಸವೆಸ್ತೀಯಲ್ಲೇ" ಎಂದು ಅಪ್ಪ ರೇಗಿದರೆ, "ಸರ್ಕಾರ ನಮ್ಮ ಹಳ್ಳ ನುಂಗ್ತಲ್ಲ, ಒಂದ್ ದುಪ್ಪಟಿ ಸವೀಲಿ ಬುಡು" ಎನ್ನುತ್ತಿದ್ದಳು. ಕೆಂಪು ಕಂಡಿತೇ ಎಂದು ನೋಡಿ ಹೇಳುವುದು ನನ್ನ ಕೆಲಸ. ನನ್ನ ಕಣ್ಣು ಚುರುಕೆಂದು ಅವ್ವನ ನಂಬಿಕೆ.

ಆ ಚಾಚಿಗೆ ಸೇತುವೆ ಆಗುತ್ತದೆ ಎಂಬ ಸುದ್ದಿ ಬಂದಾಗ ಅವ್ವ ಯಾರಿಗೂ ಹೇಳದೆ ಒಂದು ಹುಂಜವನ್ನು ಬೇರೆ ಕಟ್ಟಿ ಮೇಯಿಸತೊಡಗಿದಳು. ಅಜ್ಜಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಮಾವ ಊರವರ ಕೈಲಿ ಹೇಳಿ ಕಳಿಸಿದ್ದ. ಕಣ್ಣು ಪೂರಾ ಹೋದರೆ ದುಪ್ಪಟಿಯೂ ಇಲ್ಲ, ಕಂಬಳಿಯೂ ಇಲ್ಲ. ಅಷ್ಟರೊಳಗೆ ಸೇತುವೆ ಆಗಬೇಕು. ಅವ್ವನ ಲೆಕ್ಕ ಇಷ್ಟೇ. ಸರ್ವೆ ಸಾಹೇಬರು ಅದೇ ಓವರ್ಸಿಯರೊಂದಿಗೆ ಜೀಪಿನಲ್ಲಿ ಬಂದಿಳಿದಾಗ ಆ ಹುಂಜವನ್ನು ಕೊಯ್ದು ಆಕೆ ಮಾಡಿದ ಸಾರು ಎಂಥದೆಂದರೆ, ಸಾಹೇಬರು ಕೊನೆಗೆ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿ, "ಈ ಕೆಲಸ ಅವಸರದಲ್ಲಿ ಆಗುವಂಥದ್ದಲ್ಲ" ಎಂದು ಅಪ್ಪಣೆ ಕೊಟ್ಟರು.

ಅವಸರ ಆಗಲಿಲ್ಲ. ಅವರು ತಿಂಗಳಿಗೊಮ್ಮೆ ಬಂದರು. ಬಂದಾಗಲೆಲ್ಲ ಒಂದು ಗೂಟ ನೆಟ್ಟು, ಮಧ್ಯಾಹ್ನ ಉಂಡು, ಮಲಗಿ ಎದ್ದು, ಆ ಗೂಟ ಸರಿಯಾದ ಜಾಗದಲ್ಲಿಲ್ಲವೆಂದು ಕಂಡುಕೊಂಡರು. ಮಳೆಗಾಲ ಬಂತು, ನೀರು ಏರಿದಾಗಲೂ ನೋಡಬೇಕೆಂದರು. ಬೇಸಿಗೆ ಬಂತು, ಇಳಿದಾಗಲೂ ನೋಡಬೇಕೆಂದರು. ಅವ್ವ ಇನ್ನಷ್ಟು ಮುತುವರ್ಜಿಯಿಂದ ಮಾಡಿದಳು. ಸಾಹೇಬರು ಸಂತೋಷವಾಗಿದ್ದರೆ ಸೇತುವೆ ಬೇಗ ಆಗುತ್ತದೆ ಎಂದು ಆಕೆ ಶುದ್ಧವಾಗಿ ನಂಬಿದ್ದಳು.

ಆ ನಂಬಿಕೆಗೆ ಏಟು ಕೊಟ್ಟವನು ಜೀಪಿನ ಡ್ರೈವರ್ ಬಸವಣ್ಣ. ಹುಣಸೂರಿನವನು, ಅಡುಗೆಮನೆಯ ಬಾಗಿಲಲ್ಲೇ ಕೂತು ಉಣ್ಣುತ್ತಿದ್ದ. ಒಂದು ದಿನ ಮೂಳೆ ಚೀಪುತ್ತಾ ಹೇಳಿದ:

"ದೇವಮ್ಮಕ್ಕ, ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ನಿನ್ ಸಾರು ಇಂಗೇ ಇದ್ರೆ ಸೇತ್ವೆ ಆಗಕ್ಕಿಲ್ಲ ಕಣಕ್ಕ."

"ಯಾಕ್ಲಾ, ಉಪ್ಪು ಎಚ್ಚಾಯ್ತಾ?"

"ಎಚ್ಚಾಗ್ಲಿಲ್ವಲ್ಲ, ಅದೇ ತಾಪತ್ರಯ. ಪಿರಿಯಾಪಟ್ಣದ ಕಡೆ ಒಂದ್ ಸೇತ್ವೆ ಸರ್ವೆ ಮಾಡುದ್ರು, ಎಲ್ಡೇ ದಿನ. ಅಲ್ಲಿ ಬಂಗ್ಲೆ ಊಟ ನಾಯಿ ಮೂಸಲ್ಲ. ಸರ್ವೆ ಮುಗುದ್ರೆ ಇಲ್ಲಿಗ್ ಬರಾಕೆ ಅವ್ರಿಗೆ ಏನ್ ನೆಪ ಐತೆ, ನೀನೇ ಯೋಳು."

ಅವ್ವ ಮುಂದಿನ ಸಲ ಮನಸ್ಸು ಗಟ್ಟಿಮಾಡಿ ಸಾರು ಕೆಡಿಸಲು ಹೊರಟಳು. ಕೆಡಿಸುವುದಕ್ಕೂ ಅಭ್ಯಾಸ ಬೇಕು. ಗಾಂಧಾರಿ ಮೆಣಸನ್ನು ಹಿಡಿಗಟ್ಟಲೆ ಹಾಕಿದಳು; ಸಾಹೇಬರು ಕಣ್ಣೀರು ಒರೆಸಿಕೊಳ್ಳುತ್ತಾ, ಇದು ಶೀತಕ್ಕೆ ರಾಮಬಾಣವೆಂದು ಇನ್ನೊಂದು ಸಲ ಬಡಿಸಿಕೊಂಡರು. ಇನ್ನೊಮ್ಮೆ ಕೋಳಿಯೇ ಇಲ್ಲವೆಂದು ಬರೀ ಹುರುಳಿಕಟ್ಟಿನ ಸಾರಿಟ್ಟಳು. ಓವರ್ಸಿಯರ್ ತಮ್ಮ ತಾಯಿಯನ್ನು ನೆನೆದು ಭಾವುಕರಾದರು. ಬಾಣಲೆಗೆ ಕೈಹಾಕಿದರೆ ಬೆರಳುಗಳು ಅವ್ವನ ಮಾತು ಕೇಳುತ್ತಿರಲಿಲ್ಲ; ಹದಕ್ಕೆ ಅವು ತಾವಾಗಿಯೇ ನಿಲ್ಲುತ್ತಿದ್ದವು. "ನನ್ ಕೈಗ್ ಬೆಂಕಿ ಬೀಳ" ಎಂದು ಆಕೆ ಬೈದುಕೊಂಡಿದ್ದನ್ನು ನಾನು ಕೇಳಿದ್ದೇನೆ. ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಬಂಗಲೆಯ ಮರ್ಯಾದೆ ಹೋಯಿತೆಂದು ನೀರಿಗೆ ಹಾರುತ್ತಿದ್ದ. ಅದೂ ಸರ್ವೆಗೆ ಅಡ್ಡಿಯಾಗುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ದುಪ್ಪಟಿ ಹರವಿದರೆ ಆಚೆಯಿಂದ ಕೆಂಪು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. "ಸರ್ಯಾಗ್ ನೋಡು ಮಗಾ" ಎಂದು ಅವ್ವ ನನ್ನ ಭುಜ ಹಿಡಿದು ನೀರಿನ ಅಂಚಿನವರೆಗೂ ಕರೆದೊಯ್ದಳು. ಮೆದೆ ಕಾಣುತ್ತಿತ್ತು, ಅದರ ಮೇಲೆ ಒಂದು ಕಾಗೆಯೂ ಕಾಣುತ್ತಿತ್ತು. ಕಂಬಳಿ ಇರಲಿಲ್ಲ. ಅವ್ವ ಒಳಗೆ ಹೋಗಿ ಒಂದು ಚೀಲಕ್ಕೆ ಸೀರೆ ತುರುಕಿಕೊಂಡಳು. "ನಾಳೀಕೆ ಸಾಹೇಬ್ರು ಬತ್ತಾವ್ರೆ" ಎಂದ ಅಪ್ಪ. "ನೀನೇ ಅಲ್ವಾ ಅಡ್ಗೆಯೋನು, ಮಾಡಾಕು" ಎಂದವಳೇ ಬಸ್ಸಿಗೆ ನಡೆದಳು.

ಅಪ್ಪ ಹೆದರಲಿಲ್ಲ, ಅದೇ ದುರಂತ. ಇಷ್ಟು ವರ್ಷ ತಾನೇ ಮಾಡಿದೆನೆಂದು ಹೇಳಿ ಹೇಳಿ ಅವನಿಗೆ ಅದು ನಿಜವೇ ಆಗಿಹೋಗಿತ್ತು. ಬಿಳಿ ಅಂಗಿಯಲ್ಲೇ ಒಲೆಯ ಮುಂದೆ ಕೂತ. ಕೊಬ್ಬರಿಯನ್ನು ಇದ್ದಿಲಾಗುವವರೆಗೆ ಸುಟ್ಟ. ಕೋಳಿ ಬೇಯಲಿಲ್ಲವೆಂದು ನೀರು ಹಾಕಿದ, ನೀರಾಯಿತೆಂದು ಹಿಟ್ಟು ಹಾಕಿದ, ಹಿಟ್ಟಿನ ವಾಸನೆ ಬಂತೆಂದು ಮತ್ತೆ ಇದ್ದಿಲು ಅರೆದು ಹಾಕಿದ. ಮುದ್ದೆ ಮುರಿದರೆ ಒಳಗಿನಿಂದ ಒಣಹಿಟ್ಟು ದೂಳೆದ್ದಿತು. ಓವರ್ಸಿಯರ್ ಅನ್ನದ ಅಗುಳನ್ನು ಹಿಸುಕಲು ಹೋಗಿ, ಹಿಸುಕಲಾಗದೆ, ಅದನ್ನು ತಟ್ಟೆಯ ಅಂಚಿಗೆ ಎತ್ತಿಟ್ಟು ಎದ್ದು ಕೈತೊಳೆದರು. ಅಪ್ಪ ಟವಲು ಸರಿಮಾಡಿಕೊಂಡು, "ರಾತ್ರಿಗೂ ಇದ್ನೇ ಮಡಗಿವ್ನಿ, ಬುದ್ಧಿ" ಎಂದ.

ಆ ಮಧ್ಯಾಹ್ನ ಬಂಗಲೆಯಲ್ಲಿ ಯಾರೂ ಮಲಗಲಿಲ್ಲ. ಸಾಹೇಬರು ಬಿಸಿಲಲ್ಲೇ ದಡಕ್ಕಿಳಿದು ಸರಪಳಿ ಎಳೆಸಿದರು, ಗೂಟ ನೆಡಿಸಿದರು, ನೆಟ್ಟ ಗೂಟ ಮೊದಲ ಸಲಕ್ಕೇ ಸರಿಯಾದ ಜಾಗದಲ್ಲಿತ್ತು. ಮಾರನೆಯ ದಿನ ಸೂರ್ಯ ಇಳಿಯುವ ಮೊದಲೇ ಸರ್ವೆ ಮುಗಿಸಿ, ನಕ್ಷೆ ಸುರುಳಿ ಸುತ್ತಿಕೊಂಡು, ಹೊತ್ತಿರುವಾಗಲೇ ಹೊರಟುಬಿಟ್ಟರು. ಬಸವಣ್ಣ ಜೀಪು ಹತ್ತುವಾಗ ನನ್ನ ಕಡೆ ನೋಡಿ, "ನಿಮ್ಮವ್ವಂಗೆ ಯೋಳು, ಕೆಲ್ಸ ಆಯ್ತು ಅಂತ" ಎಂದ.

ಅವ್ವ ವಾರ ಕಳೆದು ಬಂದಳು. ಅಜ್ಜಿಗೆ ಜ್ವರ ಬಂದಿತ್ತಂತೆ. ಜ್ವರ ಇಳಿದಿತ್ತು, ಆದರೆ ಕಣ್ಣಲ್ಲಿ ಉಳಿದಿದ್ದ ಅಷ್ಟಿಷ್ಟು ಬೆಳಕನ್ನೂ ತೆಗೆದುಕೊಂಡು ಇಳಿದಿತ್ತು. "ಯಾರ್ ಸಹಾಯಾನೂ ಬ್ಯಾಡ್ದೆ, ನಾನೇ ಖುದ್ದು ನಿಂತು ಸರ್ವೆ ಮುಗ್ಸುಸ್ದೆ" ಎಂದು ಅಪ್ಪ ವರದಿ ಒಪ್ಪಿಸಿದ. ತಳದಲ್ಲಿ ಕಪ್ಪಗೆ ಹತ್ತಿದ್ದ ಸಾರಿನ ಪಾತ್ರೆ ಬಚ್ಚಲಲ್ಲಿ ಹಾಗೆಯೇ ನೆನೆಯುತ್ತಿತ್ತು. ಅವ್ವ ಅದನ್ನು ಬಗ್ಗಿ ನೋಡಿದಳು, ಮೂಸಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಳೆಂದು ಅಪ್ಪ ತಿಳಿದ. ನಾನು ಹತ್ತಿರದಲ್ಲಿದ್ದೆ, ನಗು ಮೊದಲು, ಅಳು ಆಮೇಲೆ. ಸರ್ವೆ ಮುಗಿದದ್ದು ಅಪ್ಪನ ಸಾರಿನಿಂದಲೇ ಎಂದು ಆಕೆ ಅವನಿಗೆ ಎಂದೂ ಹೇಳಲಿಲ್ಲ. ಈಗ ಇಬ್ಬರೂ ಇಲ್ಲ, ಹೇಳಿದರೆ ಮರ್ಯಾದೆಗೆ ಕುಂದಿಲ್ಲ.

ಸರ್ಕಾರದ ಸೇತುವೆ ಸರ್ಕಾರದ ನಡಿಗೆಯಲ್ಲೇ ಬಂತು. ಕಂಬಗಳು ಎದ್ದವು, ನಿಂತವು, ಮತ್ತೆ ಎದ್ದವು. ಅವ್ವ ಮಾತ್ರ ದುಪ್ಪಟಿ ಹರವುವುದನ್ನು ಬಿಡಲಿಲ್ಲ. ಅಜ್ಜಿಗೆ ಕಾಣುವುದಿಲ್ಲವಲ್ಲ ಎಂದರೆ, "ಅತ್ಗೆ ನೋಡಿ ಯೋಳ್ತಾಳೆ" ಎನ್ನುತ್ತಿದ್ದಳು. ಅಂತೂ ಒಂದು ದಿನ ಬಾಳೆಕಂದು ಕಟ್ಟಿ, ಟೇಪು ಕತ್ತರಿಸಿ, ದೊಡ್ಡವರೆಲ್ಲ ಸೇತುವೆಯ ಮೇಲೆ ಹೋಗಿ ಬಂದರು. ಯಾರಿಗಾಗಿ ಆ ಸೇತುವೆ ಆಯಿತೋ ಆಕೆ ಹೋಗಲಿಲ್ಲ. ಹೋಗಿ ಬಂದವರಿಗೆ ಅಡುಗೆಯಾಗಬೇಕಿತ್ತು.

ಮಾರನೆಯ ಬೆಳಿಗ್ಗೆ ಅವ್ವ ಮುಂಭಾಗದ ನೆಲಕ್ಕೆ ತಾನೇ ಫಿನೈಲ್ ಹಾಕಿ ಒರೆಸಿ, ಸಾರು ಬಿಸಿಮಾಡಿ ಕ್ಯಾರಿಯರಿಗೆ ತುಂಬಿಕೊಂಡು, ನನ್ನನ್ನು ಕರೆದುಕೊಂಡು ಹೊರಟಳು. ಸೇತುವೆಯ ಮೇಲೆ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಅವ್ವ ನಡುವೆ ಎಲ್ಲೂ ನಿಲ್ಲಲಿಲ್ಲ, ನೀರು ನೋಡಲಿಲ್ಲ. ಹಳೆಯ ಅಭ್ಯಾಸದಿಂದಲೋ ಏನೋ ಸೀರೆಯನ್ನು ಒಂದಿಷ್ಟು ಎತ್ತಿ ಹಿಡಿದಿದ್ದಳು. ಅಷ್ಟು ವರ್ಷದ ದೂರ ಎಲೆಯಡಿಕೆ ಒಂದು ಸಲ ಜಗಿದು ಉಗುಳುವಷ್ಟರಲ್ಲಿ ಮುಗಿದುಹೋಯಿತು. ಅಜ್ಜಿ ಜಗಲಿಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ನಾವು ಮಾತಾಡಲಿಲ್ಲ. ಹತ್ತಿರ ಹೋಗುತ್ತಿದ್ದ ಹಾಗೆ ಅಜ್ಜಿ ಮೂಗು ಎತ್ತಿದಳು.

"ಬಂದ್ಯಾ ದೇವಿ" ಎಂದಳು. "ಬಂಗ್ಲೆ ನೆಲಾನೂ ಸುತ್ಕಂಡ್ ಬಂದಿದ್ದೀಯಲ್ಲೇ."

ಆಮೇಲೆ ಅಜ್ಜಿ ಇದ್ದಷ್ಟು ಕಾಲ ಅವ್ವ ವಾರಕ್ಕೊಮ್ಮೆ ಆ ಸೇತುವೆ ದಾಟಿದಳು. ಅಂದುಕೊಂಡದ್ದು ಆಯಿತು. ಯಾರೂ ಅಂದುಕೊಳ್ಳದಿದ್ದದ್ದೂ ಆಯಿತು. ಸೇತುವೆ ಆಯಿತು, ರಸ್ತೆಗೆ ಟಾರು ಬಿತ್ತು, ಮೈಸೂರಿನಿಂದ ಬೆಳಿಗ್ಗೆ ಹೊರಟ ಸಾಹೇಬರು ಆಚೆ ದಡದವರೆಗೂ ಹೋಗಿ ಸಂಜೆಗೆ ಮನೆ ಸೇರತೊಡಗಿದರು. ಬಂಗಲೆಯಲ್ಲಿ ತಂಗುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಅಪ್ಪ ನಿವೃತ್ತಿಯಾದ; ಅವನ ಜಾಗಕ್ಕೆ ಮೇಟಿ ಬರಲಿಲ್ಲ, ಬೀಗ ಬಂತು. ಹೆಂಚು ಒಂದೊಂದಾಗಿ ಹೋದ ಮೇಲೆ ಗೋಡೆಗಳೂ ಹೋದವು. ಅಭಿವೃದ್ಧಿಯ ಚರಿತ್ರೆಯಲ್ಲಿ ಇದನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕೋ ನನಗೆ ತಿಳಿಯದು.

ಪಹಣಿ ಸಿಕ್ಕ ದಿನ ನೇರ ಊರಿಗೆ ಹೊರಡದೆ ಬಸ್ಸು ಹತ್ತಿ ಅಲ್ಲಿಗೆ ಹೋದೆ. ದಿಬ್ಬದ ಮೇಲೆ ಅವ್ವ ಅರೆಯುತ್ತಿದ್ದ ಒರಳು ಮಾತ್ರ ನೆಲದಲ್ಲಿ ಹೂತು ಕೂತಿತ್ತು, ಒಳಗೆ ಮಳೆನೀರು. ಸೇತುವೆಯ ಮೇಲೆ ಸಫಾರಿ ಜೀಪುಗಳು ಓಡಾಡುತ್ತಿದ್ದವು. ಆಚೆ ದಡದಲ್ಲಿ, ಅಜ್ಜಿಯ ಮೆದೆ ಇದ್ದ ಕಡೆ, ಈಗೊಂದು ರೆಸಾರ್ಟು. ಅದರ ಹಿತ್ತಲಿನಲ್ಲಿ ಯಾರೋ ಹೆಂಗಸು ತಂತಿಯ ಉದ್ದಕ್ಕೂ ಬಿಳಿ ದುಪ್ಪಟಿಗಳನ್ನು ಹರವುತ್ತಿದ್ದಳು. ಸಾಲು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನೀರಿನ ಕಡೆ ನೋಡಿದಳು. ನಾನು ಹೆಗಲ ಚೀಲದಲ್ಲಿ ಕೈಯಾಡಿಸಿದೆ. ಪಹಣಿ, ಕನ್ನಡಕ, ಬಸ್ ಟಿಕೆಟ್ ಸಿಕ್ಕಿದವು. ಕೆಂಪಗಿರುವುದು ಏನೂ ಇರಲಿಲ್ಲ.