ಅಣ್ಣ-ತಂಗಿ ಕೊಯ್ತಾ

ಚೌಕಾಸಿಗೆ ಕೂತಾಗ ದರ ಕೇಳುವ ಮೊದಲು, ಎದುರಿನವನಿಗೆ ಆ ವಸ್ತು ಯಾತಕ್ಕೆ ಬೇಕೆಂದು ಕೇಳಿರಿ. ಬಾಡಿಗೆ ಕ್ಯಾಮೆರಾದಿಂದ ಉಮದಿಯಲ್ಲಿ ಸ್ವಂತ ಸ್ಟುಡಿಯೋದವರೆಗೆ ನಾನು ಬಂದದ್ದು ಈ ಒಂದು ಬುದ್ಧಿಯಿಂದ.

ದಸರಾ ಮುಗಿಯುತ್ತಲೇ ಮುಕಾದಮ, ಅಂದರೆ ಕಬ್ಬು ಕಡಿಯಲು ಆಳು ಕೂಡಿಸುವವನು, ತನ್ನ ಜನರನ್ನು ಫೋಟೋಗೆ ಕರೆತರುತ್ತಾನೆ. ಕೊಯ್ತಾ ಎಂದರೆ ಕಬ್ಬಿನ ಕತ್ತಿ. ಅವನ ಬಾಯಲ್ಲಿ ಗಂಡ-ಹೆಂಡತಿ ಜೋಡಿಯೂ ಒಂದು ಕೊಯ್ತಾ. ಒಂಟಿ ಆಳು ಅರ್ಧ. ಅರ್ಧ ಅವನಿಗೆ ಬೇಡ.

ಹೋದ ವರ್ಷ ದರಿಬಡಚಿಯ ತರುಣನೊಬ್ಬ ಬಂದ. ಹೆಂಡತಿ ಬಾಣಂತಿ, ಜೋಡಿ ತುಂಬಿಸಲು ತಂಗಿಯನ್ನು ಕರೆತಂದಿದ್ದ. ಅವಳನ್ನು ಸನಮಡಿಯ ವರನ ಕಡೆಯವರು ನೋಡಿ ಹೋಗಿದ್ದರು. ಪರದೆಯ ಮುಂದೆ ಅಣ್ಣನ ಜೊತೆ ನಿಲ್ಲಲು ಒಪ್ಪದೆ ಅವಳು ನನಗೆ ಹೇಳಿದಳು:

"ಅಣ್ಣಾರ, ಇವನ ಬಾಜೂಕ ನಿಂತ್ರ ಇವನ ಹೆಂಡ್ತಿ ಕಂಡಂಗ ಕಾಣ್ತೀನ್ರಿ. ಮೊಬೈಲಿನ್ಯಾಗ ಊರೂರು ಅಡ್ಡಾಡತೈತಿ ಇದು. ಸನಮಡಿಯವರು ನೋಡಿದ್ರ?"

"ಬ್ಯಾರೆ ಬ್ಯಾರೆ ತಗೀತೀನಿ, ಎರಡನೇದು ಪುಕ್ಕಟ," ಎಂದು ಮುಕಾದಮನಿಗೆ ಹೇಳಿದೆ.

ಅವನು ನಕ್ಕ. "ಕತ್ತಿ ಎರಡು ತುಂಡ ಮಾಡಿ ಕಬ್ಬ ಕಡೀತಾರೇನ್ರಿ ಮಾಮಾ? ಒಂದು ಕೊಯ್ತಾ, ಒಂದ ಫೋಟೋ."

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಟ್ರ್ಯಾಕ್ಟರಿನ ಮೇಲೆ ಅವರ ಪಾತ್ರೆ, ಹಾಸಿಗೆ ಆಗಲೇ ಏರಿದ್ದವು.

ನನ್ನ ಕಪಾಟಿನಲ್ಲಿ ಮಾರದೆ ಉಳಿದ ರಾಖಿಗಳಿದ್ದವು. ದೊಡ್ಡದೊಂದನ್ನು ಆರಿಸಿ, "ಅಣ್ಣಗ ಕಟ್ಟವಾ. ನೀ ಕೈ ಎದಿ ಮ್ಯಾಲ ಇಟಗೋಪಾ. ನೋಡಿದವರಿಗೆ ತಂಗಿ ಅಂತ ತಿಳೀಲಿ," ಎಂದೆ. ಮುಕಾದಮನ ಜೊತೆ ಜಗ್ಗಾಡಲು ಸಜ್ಜಾಗಿದ್ದೆ. ಅವನು ಒಂದೇ ಮಾತಿಗೆ ಒಪ್ಪಿದ. ಹಾಗೆ ಒಪ್ಪುವವನ ಮುಂದೆ ಕೈ ಹಿಂದಕ್ಕೆಳೆಯಿರಿ ಎಂದು ಎಷ್ಟು ಮಂದಿಗೆ ಹೇಳಿದ್ದೇನೋ.

ಫೋಟೋ ನೋಡಿ ಹುಡುಗಿಯ ಮುಖ ಸಡಿಲಾಯಿತು. ಮುಕಾದಮ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಬೇರೆ ಮುಕಾದಮರಿಗೆಲ್ಲ ಕಳಿಸುತ್ತ ಕೂತ.

"ಭಾಳ ಚಲೋ ಆತ್ರಿ ಮಾಮಾ. ಮುಂಗಡ ರೊಕ್ಕಾ ತಗೊಂಡ ಗಂಡ-ಹೆಂಡ್ತಿ ಹಂಗಾಮಿನ ನಡುವ ಓಡಿ ಹೋದ್ರ ಎಲ್ಲಾರೂ ಒಂದ ನಮೂನಿ, ಹುಡುಕೂದು ತ್ರಾಸ. ಅಣ್ಣ-ತಂಗಿ ಕೊಯ್ತಾ ಇಡೀ ಸೀಮ್ಯಾಗ ಇದೊಂದ. ಎಲ್ಲಿ ಹೋದ್ರೂ ಲಗೂನ ಸಿಗ್ತಾರ."

ಫೋಟೋ ಕಾರ್ಖಾನೆಯ ಗುರುತಿನ ಚೀಟಿಗೆ ಎಂದುಕೊಂಡಿದ್ದೆ. ಯಾತಕ್ಕೆಂದು ಕೇಳಿರಲಿಲ್ಲ.

ಹುಡುಗಿ ಅಣ್ಣನ ಕೈ ಎಳೆದು, ಗಂಟನ್ನು ಉಗುರಿನಿಂದ ಬಿಚ್ಚಿ, ರಾಖಿಯನ್ನು ನನ್ನ ಗಾಜಿನ ಮೇಜಿನ ಮೇಲಿಟ್ಟಳು.

"ಇಟಗೋರಿ. ಫೋಟೋದಾಗಿಂದು ಬಿಚ್ಚಾಕ ಬರೂದಿಲ್ಲಲ್ರಿ."

ಹೊರಗೆ ಟ್ರ್ಯಾಕ್ಟರ್ ಶುರುವಾಯಿತು. ಅಣ್ಣ ಮೊದಲು ಹತ್ತಿ, ತಂಗಿಗೆ ಕೈ ಕೊಟ್ಟ.