ಹುಟ್ಟು ಹಾಕುತ್ತಾ ಹೊರಗೆ

ಗಂಡನ ಕೆಲಸಕ್ಕಾಗಿ ಸ್ವೀಡನ್ನಿನ ಓರೆಬ್ರೂಗೆ ಹೋದ ಎರಡನೆಯ ವರ್ಷ ನನಗೆ ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ನೋಡಿಕೊಳ್ಳುತ್ತಿದ್ದವರಲ್ಲಿ ಅಟ್ಲಾಂಟಿಕ್ ಸಾಗರದ ಫರೋ ದ್ವೀಪಗಳಿಂದ ಬಂದು ನೆಲೆಸಿದ್ದ ಮುದುಕರೊಬ್ಬರಿದ್ದರು. ಮರೆವು ಹೆಚ್ಚಿ, ಐವತ್ತು ವರ್ಷ ಆಡಿದ ಸ್ವೀಡಿಷ್ ಅಳಿಸಿಹೋಗಿ, ಹುಟ್ಟಿದೂರಿನ ಮಾತಷ್ಟೇ ಉಳಿದಿತ್ತು.

ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಬೆಳಕು ಕಂದುವಾಗ ಅವರು ಹಾಸಿಗೆಯಲ್ಲಿ ಎದ್ದು ಕೂತು "ಊಟ್‌ರೋವುರ್" ಎನ್ನುತ್ತಿದ್ದರು. ನನ್ನ ಕಿವಿಗೆ ಊಟವೆಂದೇ ಕೇಳಿಸಿ, ಮೊದಲ ದಿನ ತಟ್ಟೆ ತಂದಿಟ್ಟೆ. ಅವರು ಅದರತ್ತ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಹೊದಿಕೆ ಹಿಡಿದು ಎದೆಯತ್ತ ಎಳೆದರು, ಬಿಟ್ಟರು, ಮತ್ತೆ ಎಳೆದರು.

ಭಾನುವಾರ ಬಂದ ಅವರ ಮಗಳು ಬಿಡಿಸಿ ಹೇಳಿದರು. "ಊಟ್ ಅಂದ್ರೆ ಹೊರಗೆ, ಸ್ವೀಡಿಷಲ್ಲಿ ಇರೋ ಹಾಗೇನೇ. ರೋವುರ್ ಅಂದ್ರೆ ಹುಟ್ಟು ಹಾಕೋದು. ಹುಟ್ಟು ಹಾಕ್ಕೊಂಡು ಹೊರಗೆ, ಅಂದ್ರೆ ಕಡಲಿಗೆ, ಮೀನಿಗೆ ಹೋಗೋದು. ಈಗೆಲ್ಲಾ ಇಂಜಿನ್ ದೋಣಿ. ಆದ್ರೂ ಹಳೇ ಮಾತೇ ಉಳ್ಕೊಂಡಿದೆ."

ಡಿಸೆಂಬರಿನಲ್ಲಿ ಒಂದು ದಿನ ಅವರ ಅಂಗೈ ಒರೆಸುವಾಗ ನೀರು ತುಂಬಿದ ಬೊಕ್ಕೆಗಳು ಕಂಡವು. ಮೆತ್ತನೆಯ ಹೊದಿಕೆ ಎಳೆದರೆ ಬೊಕ್ಕೆ ಏಳುವುದಿಲ್ಲ. ನಾನು ಮಲ್ಪೆಯವಳು; ಹುಟ್ಟು ಹಾಕಿ ಬರುತ್ತಿದ್ದ ಅಜ್ಜನ ಕೈಯಲ್ಲಿ ಅಂಥವನ್ನು ನೋಡಿದ್ದೆ. ಕಿಟಕಿ ಮುಚ್ಚಿದ್ದ ಆ ಕೋಣೆಯಲ್ಲಿ ಒದ್ದೆ ಹಗ್ಗದ, ಉಪ್ಪುನೀರಿನ ವಾಸನೆಯಿತ್ತು.

ಮನೆಗೆ ಬಂದು ಹೇಳಿದರೆ ಬೆಂಗಳೂರಿನವರಾದ ನನ್ನ ಗಂಡ ನಕ್ಕರು. "ಓರೆಬ್ರೂಲಿ ಸಮುದ್ರ ಎಲ್ಲಿದೆ ಕಣೇ? ನಿಂಗೆ ಊರು ನೆನಪಾಗಿದೆ, ಅಷ್ಟೇ. ಎರಡು ದಿನ ಲೀವ್ ಹಾಕು."

ಮುಂದಿನ ಭಾನುವಾರ ಮಗಳಿಗೆ ಆ ಅಂಗೈಗಳನ್ನು ತೋರಿಸಿದೆ. ಆಕೆ ಬೊಕ್ಕೆಯೊಂದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಅಪ್ಪ ಯಾವತ್ತೂ ಹುಟ್ಟು ಮುಟ್ಟಿದವರಲ್ಲ. ಹಡಗಲ್ಲಿ ಅಡುಗೆ ಮಾಡ್ತಿದ್ರು. ಹುಟ್ಟು ಹಾಕ್ತಿದ್ದಿದ್ದು ನಮ್ಮಜ್ಜ, ಅಪ್ಪನ ಅಪ್ಪ. ಅಪ್ಪನಿಗೆ ನಾಲ್ಕು ವರ್ಷ ಇದ್ದಾಗ ಊಟ್‌ರೋವುರ್‌ಗೆ ಅಂತ ಹೋದವರು ವಾಪಸ್ ಬರ್ಲೇ ಇಲ್ಲ. ದೋಣೀನೂ ಸಿಗ್ಲಿಲ್ಲ."

ಅಷ್ಟರಲ್ಲಿ ಮುದುಕರು ಎಳೆಯುವುದನ್ನು ನಿಲ್ಲಿಸಿದರು. ಒಂದು ಪಕ್ಕಕ್ಕೆ ಸರಿದು, ಯಾರಿಗೋ ಜಾಗ ಬಿಟ್ಟು, ಆ ಕಡೆ ನೋಡಿ ತಲೆಯಾಡಿಸಿದರು. ಖಾಲಿ ಬಿಟ್ಟಲ್ಲಿ ಹಾಸಿಗೆ ತುಸು ತಗ್ಗಿದಂತೆ ನನಗೆ ಕಂಡಿತು. ಮಗಳಿಗೂ ಕಂಡಿತೇ ಎಂದು ಅತ್ತ ತಿರುಗಿದೆ. ಆಕೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಮೂರನೆಯ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಕೋಣೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಬದಲು ನೀನು ಮಾಡೆಂದು ಜೊತೆ ಕೆಲಸದವಳೊಬ್ಬಳನ್ನು ಕೇಳಿಕೊಂಡೆ. ಅವಳು ಬಾಗಿಲನ್ನು ಪೂರ್ತಿ ತೆರೆದಿಟ್ಟುಕೊಂಡೇ ಒಳಗೆ ಹೋದಳು.