ಯಾರಿಂದ ಬಂತು ಎಂದು ಕೇಳಿದವನಿಗೆ

ಹೈದರಾಬಾದಿನ ಬೇಗಂಪೇಟೆಯ ರಕ್ತಪರೀಕ್ಷೆ ಲ್ಯಾಬಿನಲ್ಲಿದ್ದ ಬೀದರ್ ಕಡೆಯ ಅಕ್ಕ, ರಿಪೋರ್ಟ್ ಕೈಗಿಡುವ ಮೊದಲು ಕನ್ನಡಕ ಹಣೆಗೇರಿಸಿ ನಮ್ಮ ಮುಖ ನೋಡುತ್ತಿದ್ದರು. "ಮೊದಲ ಕೂಡ್ರಿ, ಆಮ್ಯಾಲೆ ಹೆದರ್ರಿ" ಎನ್ನುವುದು ಎಲ್ಲರಿಗೂ ಅವರು ಹೇಳುವ ಮಾತು. ತೆಲುಗಿನವರಿಗೆ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು.

ಆ ಊರು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ನನ್ನ ಬಸುರಿ ಹೆಂಡತಿಯ ರಿಪೋರ್ಟಿನಲ್ಲಿ 'ಹರ್ಪಿಸ್ ಐಜಿಜಿ ಪಾಸಿಟಿವ್' ಎಂದಿತ್ತು. ಹರ್ಪಿಸ್ ಎಂದರೆ ಗಂಡು-ಹೆಣ್ಣಿನ ಕೂಟದಿಂದ ಅಂಟುವ ರೋಗ ಎಂದಷ್ಟೇ ನಾನು ಕೇಳಿದ್ದೆ. ನಾನು ಕೂಡಲಿಲ್ಲ. "ಇದು ಆಕೀಗೆ ಯಾರಿಂದ ಬಂತ್ರಿ?" ಎಂದೆ.

"ಯಾರಿಂದ, ಯಾವಾಗ ಅಂತ ರಕ್ತ ಹೇಳಂಗಿಲ್ರಿ. ಎಂದೋ ಒಮ್ಮೆ ಮೈಯಾಗ ಹೊಕ್ಕೈತಿ ಅಂತ ಹೇಳತೈತಿ, ಅಷ್ಟ. ಸಣ್ಣಾಕಿ ಇದ್ದಾಗ ತುಟಿ ಮ್ಯಾಲೆ ಗುಳ್ಳಿ ಎದ್ದಿದ್ರೂ ಹಿಂಗ ಬರತೈತಿ. ಡಾಕ್ಟರಿಗೆ ತೋರಸ್ರಿ."

ನನ್ನ ಮುಖದ ಬಿಗಿ ಇಳಿಯಲಿಲ್ಲ. ಅವರು ಸಿರಿಂಜ್ ತೆಗೆದರು. "ಅಂಗಿ ತೋಳು ಏರಸ್ರಿ. ನಿಮ್ಮದೂ ನೋಡೋಣು."

ಮೂರನೆಯ ದಿನ ನನ್ನದೂ ಪಾಸಿಟಿವ್ ಬಂತು. ನನಗೆ ಗುಳ್ಳೆ ಎದ್ದ ನೆನಪೇ ಇರಲಿಲ್ಲ. "ನಿಮಗ ಯಾರಿಂದ ಬಂತ್ರಿ?" ಎಂದು ಅವರು ನಗದೆ ಕೇಳಿದರು.

ಮನೆಗೆ ಬಂದು ಎರಡೂ ರಿಪೋರ್ಟ್ ಹೆಂಡತಿಯ ಮುಂದಿಟ್ಟು, ಅಕ್ಕ ತಿಳಿಸಿದ್ದನ್ನೆಲ್ಲ ತಿಳಿಸಿದೆ.

"ಡಾಕ್ಟರು ನಿಮಗೇನೂ ಬರದುಕೊಟ್ಟಿರಲಿಲ್ಲ. ನೀವ್ಯಾಕ ರಕ್ತ ಕೊಟ್ರಿ?" ಎಂದಳು.

ಆಕೆಯ ಮೇಲೆ ಅನುಮಾನಪಟ್ಟು ಅಕ್ಕನನ್ನು ಕೇಳಿದ್ದೆ ಎಂಬ ನಿಜ ಹೇಳಿದೆ. ಆ ರಾತ್ರಿ ಆಕೆ ತನ್ನ ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ದಳು. ಮರುದಿನ ಡಾಕ್ಟರ ಬಳಿ ಹೊರಟಾಗ, ಆಟೋದಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟಳು.